ಬೊಗಸೆಯಲ್ಲೊಂದು ಕ್ಯಾಡಿಲ್ಯಾಕ್

ಈ ತಿಂಗಳು ಪುಟ್ಟ ಕಾರುಗಳ ವಿಚಾರ ಬರೆಯುತ್ತೇವೆಂದರೆ ತಾವು ಹುಬ್ಬೇರಿಸಬಹುದು. 2018ರ ಬೇಸಿಗೆಯಲ್ಲಿ ಅಮೆರಿಕದ ಡೆಟ್ರಾಯಿಟ್ ಸಮೀಪ ನೆಲೆಸಿರುವ ನಮ್ಮ ತಂಗಿಯ ಮಗನ ಮನೆಗೆ ಹೋಗಿದ್ದೆವು. ಅಲ್ಲಿ ಅವನ ನೆರೆಮನೆಯ ಹಿರಿಯರೊಬ್ಬರ ಗಾಜಿನ ಕಪಾಟನ್ನು ನೋಡುವವರೆಗೆ ನಾವೂ ಇವುಗಳನ್ನು ಮಕ್ಕಳ ಆಟಿಕೆಗಳೆಂದೇ ಬಗೆದಿದ್ದೆವು.

ಆ ಕಪಾಟಿನಲ್ಲಿ ಡ್ಯೂಸೆನ್‌ಬರ್ಗ್, ಪ್ಯಾಕಾರ್ಡ್, ಹಡ್ಸನ್ ಮುಂತಾದ ಕಾರುಗಳು ಸಾಲಾಗಿ ನಿಂತಿದ್ದವು. ಇವುಗಳನ್ನು ತಯಾರಿಸಿದ ಮೂಲ ಕಂಪನಿಗಳು ಎಂದೋ ಕಣ್ಮರೆಯಾಗಿವೆ. ಡ್ಯೂಸೆನ್‌ಬರ್ಗ್ ಅಂತೂ 1937ರಲ್ಲಿಯೇ ನಿಂತುಹೋಯಿತು. ಬಹುಪಾಲು ಮಾದರಿಗಳು 1:24 ಪ್ರಮಾಣದವು, ಅಂದರೆ ನಿಜವಾದ ಕಾರಿನ ಒಂದು ಅಡಿ ಇಲ್ಲಿ ಅರ್ಧ ಇಂಚು. ಕರಗಿಸಿದ ಸತುವಿನ ಮಿಶ್ರಲೋಹವನ್ನು ಉಕ್ಕಿನ ಅಚ್ಚಿನೊಳಗೆ ಒತ್ತಡದಿಂದ ನುಗ್ಗಿಸಿ ಇವುಗಳ ಒಡಲನ್ನು ಎರಕ ಹೊಯ್ಯುತ್ತಾರೆ. ಬಾಗಿಲು, ಬಾನೆಟ್, ಡಿಕ್ಕಿ ಎಲ್ಲವೂ ತೆರೆಯುತ್ತವೆ. ಸ್ಟಿಯರಿಂಗ್ ತಿರುಗಿಸಿದರೆ ಮುಂದಿನ ಗಾಲಿಗಳು ತಿರುಗುತ್ತವೆ. ಬಾನೆಟ್ ಎತ್ತಿದರೆ ಎಂಜಿನ್ನಿನ ಸ್ಪಾರ್ಕ್ ಪ್ಲಗ್ಗಿನ ತಂತಿಗಳು ಕೂಡ ಕೂದಲೆಳೆಯಂತೆ ಕಾಣಿಸುತ್ತವೆ.

ಹಿರಿಯರು ಕಪಾಟಿನ ನಡುವಣ ಅಂಕಣದಿಂದ ಕೆಂಪು ಬಣ್ಣದ ಒಂದು ಕಾರನ್ನು ಎರಡೂ ಕೈಗಳಿಂದ ಎತ್ತಿ ನಮ್ಮ ಬೊಗಸೆಯಲ್ಲಿಟ್ಟರು. ಅದು 1959ರ ಕ್ಯಾಡಿಲ್ಯಾಕ್ ಎಲ್ಡೊರಾಡೊ ಬಿಯಾರಿಟ್ಜ್. ಮೂಲ ಕಾರಿನ ಉದ್ದ 225 ಇಂಚು. ಮಾದರಿಯದು ಒಂಬತ್ತೂವರೆ ಇಂಚಿಗೆ ತುಸು ಕಡಿಮೆ. ಹಿಂಬದಿಯಲ್ಲಿ ಮೀನಿನ ರೆಕ್ಕೆಯಂತೆ ಮೇಲೆದ್ದ ಎರಡು ತಗಡುಗಳು, ಒಂದೊಂದರ ನಡುವೆಯೂ ಬಂದೂಕಿನ ಗುಂಡಿನಾಕಾರದ ಜೋಡಿ ಕೆಂಪು ದೀಪಗಳು. ಈ ರೆಕ್ಕೆಗಳು ಕ್ಯಾಡಿಲ್ಯಾಕ್‌ನಲ್ಲಿ ಮೊದಲು ಕಾಣಿಸಿಕೊಂಡದ್ದು 1948ರಲ್ಲಿ, ಎರಡನೆಯ ಮಹಾಯುದ್ಧದ ಒಂದು ಯುದ್ಧವಿಮಾನದ ಬಾಲವನ್ನು ನೋಡಿ. ಹನ್ನೊಂದು ವರ್ಷಗಳಲ್ಲಿ ಅವು ಬೆಳೆದು ಬೆಳೆದು ಈ ಎತ್ತರಕ್ಕೆ ಏರಿದ್ದವು. ಅಂದವೆನ್ನಬೇಕೋ ಆಡಂಬರವೆನ್ನಬೇಕೋ ನಮಗೆ ತಿಳಿಯಲಿಲ್ಲ, ಆದರೆ ಕಣ್ಣು ಕೀಳಲಾಗಲಿಲ್ಲವೆಂಬುದು ಮಾತ್ರ ನಿಜ.

ಈ ಹಿರಿಯರು 1958ರ ಶರತ್ಕಾಲದಲ್ಲಿ, ಇಪ್ಪತ್ತರ ಹರೆಯದಲ್ಲಿ, ಡೆಟ್ರಾಯಿಟ್‌ನ ಕ್ಲಾರ್ಕ್ ಸ್ಟ್ರೀಟಿನ ಕ್ಯಾಡಿಲ್ಯಾಕ್ ಕಾರ್ಖಾನೆಗೆ ಸೇರಿದವರು. ಹಿಂಬದಿಯ ಬಂಪರ್ ಜೋಡಿಸುವುದು ಅವರ ಕಾಯಕ. ಎಲ್ಡೊರಾಡೊ ಬಿಯಾರಿಟ್ಜ್ ಆ ವರ್ಷ ತಯಾರಾದದ್ದು 1,320 ಮಾತ್ರ. ಬೆಲೆ 7,401 ಡಾಲರ್, ಜೋಡಿಸಿದ ಕಾರ್ಮಿಕನ ಇಡೀ ವರ್ಷದ ದುಡಿಮೆಗಿಂತ ಹೆಚ್ಚು. ಅವರು ಅಂತಹ ಕಾರನ್ನು ಒಮ್ಮೆಯೂ ಕೊಳ್ಳಲಿಲ್ಲ. ಕಾರ್ಖಾನೆ 1987ರಲ್ಲಿ ಮುಚ್ಚಿತು. ಅನಂತರ ಒಂದು ದಿನ ಪತ್ರಿಕೆಯಲ್ಲಿ ಫ್ರಾಂಕ್ಲಿನ್ ಮಿಂಟ್ ಎಂಬ ಪೆನ್ಸಿಲ್ವೇನಿಯದ ಸಂಸ್ಥೆಯ ಜಾಹೀರಾತು ಕಂಡು, ಕಂತಿನ ಮೇಲೆ ಈ ಮಾದರಿಯನ್ನು ಅಂಚೆಯಲ್ಲಿ ತರಿಸಿಕೊಂಡರಂತೆ. ಸಂಗ್ರಹ ಮೊದಲಾದದ್ದು ಹಾಗೆ.

ಕೆಳಗಿನ ಅಂಕಣದ ಮೂಲೆಯಲ್ಲಿ ಒಂದು ಚಿಕ್ಕ ಡಬ್ಬಿಯಿತ್ತು. ತೆರೆದು ನೋಡಿದರೆ ಬಿರುಕು ಬಿಟ್ಟು ತುಂಡುತುಂಡಾದ ಬೂದುಬಣ್ಣದ ಲೋಹ. ಅವರ ಅಣ್ಣ ಆಡಿದ್ದ, 1930ರ ದಶಕದ ಟೂಟ್ಸಿಟಾಯ್ ಕಾರು! ಯಾರೂ ಅದನ್ನು ಬೀಳಿಸಿ ಒಡೆದದ್ದಲ್ಲ. ಸತುವಿನ ಮಿಶ್ರಣದಲ್ಲಿ ಒಂದಿಷ್ಟು ಸೀಸ ಬೆರೆತಿದ್ದರೆ ಸಾಕು, ಲೋಹದ ಕಣಗಳ ಸಂದುಗಳಲ್ಲಿ ನಿಧಾನವಾಗಿ ಕೊರೆತ ಹಿಡಿಯುತ್ತದೆ. ತೇವವಿದ್ದರೆ ಇನ್ನೂ ಬೇಗ. ಒಡಲು ಉಬ್ಬಿ ಬಿರುಕು ಬಿಟ್ಟು, ಕಡೆಗೆ ಬೆರಳು ತಾಗಿದರೂ ಉದುರುತ್ತದೆ. ಇದಕ್ಕೆ ಮದ್ದಿಲ್ಲ. 1929ರಲ್ಲಿ ನ್ಯೂಜೆರ್ಸಿ ಜಿಂಕ್ ಕಂಪನಿ ಅತಿ ಶುದ್ಧ ಸತುವಿನಿಂದ ಜಮಾಕ್ ಎಂಬ ಮಿಶ್ರಲೋಹವನ್ನು ರೂಪಿಸಿದ ಮೇಲೆ ಪಾರಾಗುವ ದಾರಿ ತೆರೆಯಿತು. ಆದರೂ ಎರಕದ ಮನೆಯಲ್ಲಿ ಅಜಾಗರೂಕತೆಯಿಂದ ಸೀಸ ಸೇರಿಕೊಂಡರೆ ಇಂದಿಗೂ ಅದೇ ಗತಿ.

ಮಾದರಿಗಳನ್ನು ಇಟ್ಟುಕೊಂಡಿರುವವರಿಗೆ ಅವರು ಹೇಳಿದ ಇನ್ನೆರಡು ಮಾತುಗಳನ್ನು ಇಲ್ಲಿಯೇ ಸೇರಿಸುತ್ತೇವೆ. ಬಿಸಿಲು ನೇರವಾಗಿ ಬಿದ್ದರೆ ಬಣ್ಣ ಮಾಸುತ್ತದೆ. ಮೆದು ಟಯರುಗಳನ್ನು ವರ್ಷಗಟ್ಟಲೆ ಪ್ಲಾಸ್ಟಿಕ್ ಹಲಗೆಗೆ ಒತ್ತಿಟ್ಟರೆ ಅವುಗಳಿಂದ ಜಿನುಗುವ ಎಣ್ಣೆಯಂಥ ಪದಾರ್ಥ ಹಲಗೆಯನ್ನು ತಿನ್ನುತ್ತದೆ.

ಅವರ ಮಗಳಿಗೆ ಬೇರೊಂದು ಚಿಂತೆಯಿತ್ತು. ನೂರು ಡಾಲರಿಗೂ ಮಿಗಿಲಾಗಿ ತೆತ್ತು ಕೊಂಡ ಅನೇಕ ಮಾದರಿಗಳನ್ನು, ಮುಂದೆ ಬೆಲೆ ಏರುವುದೆಂದು ನಂಬಿ, ತಂದೆ ಪೆಟ್ಟಿಗೆಯನ್ನೇ ತೆರೆಯದೆ ಇಟ್ಟಿದ್ದರು. ಮಾರಲು ಹೋದಾಗ ವ್ಯಾಪಾರಿ ಕೊಟ್ಟ ಮೊತ್ತ ಕೊಂಡದ್ದರ ಕಾಲುಭಾಗವೂ ಆಗಲಿಲ್ಲ. ಆಗಲು ಸಾಧ್ಯವೂ ಇರಲಿಲ್ಲವೆಂದು ನಮಗೆ ತೋರುತ್ತದೆ. ಉಕ್ಕಿನ ಅಚ್ಚು ಬಲು ದುಬಾರಿ. ಸಾವಿರಾರು ಪ್ರತಿಗಳನ್ನು ತೆಗೆದರೆ ಮಾತ್ರ ಅದರ ಖರ್ಚು ಹುಟ್ಟುತ್ತದೆ. ಆ ಸಾವಿರಾರು ಜನರೂ ಇವರಂತೆಯೇ ಪೆಟ್ಟಿಗೆ ತೆರೆಯದೆ ಕಾದಿದ್ದರು! ಮಗಳು ಮುನಿಸಿಕೊಂಡಳು. ಹಿರಿಯರು ಪೆಟ್ಟಿಗೆಗಳನ್ನೆಲ್ಲ ಮನೆಗೆ ತಂದು, ಒಂದೊಂದಾಗಿ ತೆರೆದು ಕಪಾಟಿನಲ್ಲಿ ಜೋಡಿಸಿದರು. ಮೊಮ್ಮಗನಿಗೆ ಜಮಖಾನದ ಮೇಲೆ ಕುಳಿತು ನೋಡಲು ಅಪ್ಪಣೆಯೂ ಸಿಕ್ಕಿತು.

ನಾವು ಹೊರಡುವಾಗ ಅವರು ಆ ಎಲ್ಡೊರಾಡೊವನ್ನು ಮಗುಚಿ ಹಿಡಿದು, ಹಿಂದಿನ ಬಂಪರಿನ ಕೆಳಗೆ ಬೆರಳಿಟ್ಟು ತೋರಿಸಿದರು. ಆ ಜಾಗ ನುಣ್ಣಗಿತ್ತು.

“ಎಲ್ಲವನ್ನೂ ಮಾಡಿದ್ದಾರೆ, ನೋಡಿ. ನಾನು ಬಿಗಿದ ಬೋಲ್ಟುಗಳನ್ನು ಮಾತ್ರ ಬಿಟ್ಟುಬಿಟ್ಟಿದ್ದಾರೆ” ಎಂದು ನಕ್ಕರು.