ಈಸ್ಟಿನ ಪೊಟ್ಟಣವೂ ಗಂಜಿನ ಅಂಗಡಿಯೂ

ನೌಬಾದದ ತರುಣರೊಬ್ಬರು ಮೊನ್ನೆ ನಮ್ಮ ಕಚೇರಿಗೆ ಬಂದು ಒಂದು ಪ್ರಶ್ನೆಯನ್ನು ಮುಂದಿಟ್ಟರು. ಮನೆಯಲ್ಲೇ ಬಿಯರು, ವೈನು ತಯಾರಿಸುವ ಹವ್ಯಾಸದವರಿಗೆ ಬೇಕಾಗುವ ಈಸ್ಟು, ಮೊಳಕೆ ಬರಿಸಿದ ಬಾರ್ಲಿ, ಗಾಜಿನ ಭರಣಿ, ಬಿರಡೆ, ನಳಿಗೆ ಇವನ್ನು ಆನ್‌ಲೈನಿನಲ್ಲಿ ಮಾರಿದರೆ ಬೇರೂರಿದ ಅಂಗಡಿಗಳ ಎದುರು ನಿಲ್ಲಬಹುದೇ? ಅವರ ಬಂಡವಾಳವೆಂದರೆ ಮನೆಯ ಒಂದು ಕೋಣೆ, ಒಂದು ಮೊಬೈಲು, ಮತ್ತು ಹೆಂಡತಿಯ ಒಡವೆ ಒತ್ತೆಯಿಟ್ಟರೆ ಹುಟ್ಟುವ ಹಣ. ಒಡವೆಯ ಮಾತು ಬಂದ ಮೇಲೆ ನಾವು ಹಗುರವಾಗಿ ಉತ್ತರ ಕೊಡುವಂತಿರಲಿಲ್ಲ.

ಹುಳಿ ಹಿಡಿಸುವುದು ನಮ್ಮ ಜಿಲ್ಲೆಗೆ ಹೊಸ ವಿದ್ಯೆಯಲ್ಲ. ಸಕ್ಕರೆ ಕಾರ್ಖಾನೆಗಳಲ್ಲಿ ದುಡಿದ ಬಾಂಧವರಿಗೆ ಕಾಕಂಬಿ ಎಲ್ಲಿಗೆ ಹೋಗುತ್ತದೆ, ಅದಕ್ಕೆ ಈಸ್ಟು ಬಿದ್ದರೆ ಏನಾಗುತ್ತದೆ ಎಂದು ನಾವು ಹೇಳಿಕೊಡಬೇಕಾಗಿಲ್ಲ. ಆದರೆ ಅದೇ ಕೆಲಸ ಡಿಸ್ಟಿಲರಿಯಲ್ಲಿ ನಡೆದರೆ ಉದ್ಯಮ, ಹಿತ್ತಲಲ್ಲಿ ನಡೆದರೆ ಅಪರಾಧ. 1965ರ ಕರ್ನಾಟಕ ಅಬಕಾರಿ ಕಾಯ್ದೆಯು ಪರವಾನಿಗೆಯಿಲ್ಲದೆ ಮದ್ಯ ತಯಾರಿಸುವುದನ್ನಷ್ಟೇ ಅಲ್ಲ, ಆ ಉದ್ದೇಶಕ್ಕಾಗಿ ಸಲಕರಣೆ ಇಟ್ಟುಕೊಳ್ಳುವುದನ್ನೂ ನಿಷೇಧಿಸುತ್ತದೆ. 2007ರ ಜುಲೈ 1ರಿಂದ ಸಾರಾಯಿಯೂ ನಿಂತಿತು. ಕಾನೂನುಬದ್ಧ ಮದ್ಯದ ಸಗಟು ವ್ಯಾಪಾರ 2003ರಲ್ಲಿ ಸ್ಥಾಪನೆಯಾದ ಸರಕಾರದ ಪಾನೀಯ ನಿಗಮದ ಕೈಯಲ್ಲಿದೆ. ಆದ್ದರಿಂದ ಈ ತರುಣರ ನಿಜವಾದ ಎದುರಾಳಿ ಗಾಂಧಿಗಂಜಿನ ಕಿರಾಣಿಯವನಲ್ಲ, ಬೆನ್ನಿಗೆ ಸರಕಾರವಿರುವ ಲೈಸೆನ್ಸು ಅಂಗಡಿ. ರೊಟ್ಟಿಯ ಈಸ್ಟು ಮಾರಲು ಯಾರ ಅಡ್ಡಿಯೂ ಇಲ್ಲ. ಪೊಟ್ಟಣದ ಮೇಲೆ ‘ಮನೆಯ ಬಿಯರಿಗಾಗಿ’ ಎಂದು ಬರೆದರೆ ಮಾತ್ರ ಅಬಕಾರಿಯವರ ಕಣ್ಣು ಬೀಳುತ್ತದೆ, ಕೊಂಡ ಗಿರಾಕಿಯೂ ಸಿಕ್ಕಿಬೀಳುತ್ತಾನೆ.

ಹೊರದೇಶಗಳ ಮಾತು ಬೇರೆ. ಇಂಗ್ಲೆಂಡಿನಲ್ಲಿ 1963ರಲ್ಲಿ ಮನೆಯ ಬಿಯರಿಗೆ ಲೈಸೆನ್ಸು ಬೇಡವೆಂದಾಯಿತು, ಅಮೆರಿಕದಲ್ಲಿ 1978ರ ಕಾನೂನು ದಾರಿ ತೆರೆಯಿತು. ಸರಂಜಾಮಿನ ವ್ಯಾಪಾರ ಬೆಳೆದದ್ದು ಅದರ ಬೆನ್ನಿಗೆ. ಮಿನ್ನೆಸೋಟಾದ ಸೇಂಟ್ ಪಾಲ್ ನಗರದಲ್ಲಿ 1993ರಲ್ಲಿ ಸಣ್ಣದಾಗಿ ಹುಟ್ಟಿದ ನಾರ್ದರ್ನ್ ಬ್ರೂವರ್ ಎಂಬ ಅಂಗಡಿ ಆನ್‌ಲೈನ್ ಮಾರಾಟದಿಂದ ದೊಡ್ಡದಾಯಿತು. 2016ರಲ್ಲಿ ಅದನ್ನು ಕೊಂಡವರಾರು? ಜಗತ್ತಿನ ಅತಿ ದೊಡ್ಡ ಬಿಯರು ಕಂಪನಿಯಾದ ಎಬಿ ಇನ್‌ಬೆವ್‌ನ ಅಂಗಸಂಸ್ಥೆ! ಕಂಪನಿಯ ಬಿಯರು ಬೇಡವೆಂದು ಮನೆಯಲ್ಲಿ ಕಾಸಿಕೊಳ್ಳಹೊರಟವನು ಈಸ್ಟಿನ ದುಡ್ಡನ್ನು ಅದೇ ಕಂಪನಿಗೆ ಕಟ್ಟಬೇಕಾಯಿತು.

ಸರಿ, ಮದ್ಯದ ಮಾತು ಬಿಡೋಣ. ಬೇಕರಿಗೆ, ಮನೆಯ ಬ್ರೆಡ್ಡಿಗೆ, ಉಪ್ಪಿನಕಾಯಿಗೆ ಈಸ್ಟು, ಭರಣಿ ಮಾರಿದರೆ ಹೇಗೆ? ಇಲ್ಲಿ ತೂಕವೇ ತೀರ್ಪುಗಾರ. ಐದು ಗ್ರಾಮಿನ ಪೊಟ್ಟಣ ಟಪಾಲಿನಲ್ಲಿ ಎಲ್ಲಿಗಾದರೂ ಹೋದೀತು. ಇಪ್ಪತ್ತೈದು ಕಿಲೋ ಚೀಲ ಹೋಗದು, ಗಾಜಿನ ಭರಣಿ ಹೋದರೂ ಇಡಿಯಾಗಿ ಮುಟ್ಟುವ ಭರವಸೆಯಿಲ್ಲ. ಗಂಜಿನ ವ್ಯಾಪಾರಿ ಹೈದರಾಬಾದಿನ ಬೇಗಂಬಜಾರದಿಂದ ಹತ್ತು ಮಾಲಿನ ಜೊತೆ ಹನ್ನೊಂದನೆಯದನ್ನೂ ಲಾರಿಗೆ ಹಾಕಿಸುತ್ತಾನೆ, ಸಾಗಣೆಯ ಖರ್ಚು ಅವನಿಗೆ ಹತ್ತುವುದೇ ಇಲ್ಲ. ಪಗಾರದ ದಿನದವರೆಗೆ ಉದ್ರಿಯನ್ನೂ ಬರೆದುಕೊಳ್ಳುತ್ತಾನೆ. ಆನ್‌ಲೈನಿನವನು ವೇದಿಕೆಗೆ ಕಮಿಷನ್ನು, ಮುಟ್ಟಿಸುವವರಿಗೆ ಬಾಡಿಗೆ, ತಿರುಗಿ ಬಂದ ಮಾಲಿನ ನಷ್ಟ ಎಲ್ಲವನ್ನೂ ತಾನೇ ಹೊರಬೇಕು. ವೇದಿಕೆಯ ಒಡೆಯನು ನಾಳೆ ಕಮಿಷನ್ನು ಏರಿಸಿದರೆ ಕೇಳುವವರಾರು? ಬಾಡಿಗೆ ಅಂಗಡಿಯ ಮಾಲೀಕನ ಮನೆಗಾದರೂ ನಾಲ್ಕು ಜನ ಕೂಡಿ ಹೋಗಬಹುದಿತ್ತು.

ಇನ್ನು ನಮ್ಮ ಗಡಿಯ ಗ್ರಹಚಾರ. ವರ್ಷದ ವಹಿವಾಟು 40 ಲಕ್ಷ ದಾಟದ ಸರಕು ವ್ಯಾಪಾರಿಗೆ ಜಿಎಸ್‌ಟಿ ನೋಂದಣಿ ಬೇಕಿಲ್ಲ. 2023ರ ಅಕ್ಟೋಬರ್ 1ರಿಂದ ಆನ್‌ಲೈನ್ ವೇದಿಕೆಗಳಲ್ಲಿ ಮಾರುವವರಿಗೂ ಈ ರಿಯಾಯಿತಿ ಬಂದಿದೆ. ಆದರೆ ಮಾಲು ರಾಜ್ಯದ ಗಡಿ ದಾಟಕೂಡದು. ಬೀದರಿನಿಂದ ಸುಮಾರು 700 ಕಿಲೋಮೀಟರ್ ದೂರದ ಬೆಂಗಳೂರಿಗೆ ಕಳಿಸಿದರೆ ನೋಂದಣಿ ಬೇಡ, 30 ಕಿಲೋಮೀಟರ್ ಆಚೆಯ ಜಹೀರಾಬಾದಿಗೆ ಒಂದು ಪೊಟ್ಟಣ ಕಳಿಸಿದರೂ ಬೇಕು! 1956ರವರೆಗೆ ಜಹೀರಾಬಾದ, ಉದಗೀರ ಎಲ್ಲ ನಮ್ಮ ಜಿಲ್ಲೆಯವೇ ಆಗಿದ್ದವು. ಅಲ್ಲಿಯ ಗಿರಾಕಿ ಬಸ್ಸು ಹತ್ತಿ ಗಂಜಿಗೆ ಬಂದು ಕೊಂಡರೆ ತಂಟೆಯಿಲ್ಲ, ಕೂತಲ್ಲಿಂದ ಕೇಳಿದರೆ ಉಂಟು. ಬೆಂಗಳೂರಿನ ಗುದಾಮಿನವನಿಗೆ ಈ ಕಷ್ಟ ಹೊಳೆಯುವುದೂ ಇಲ್ಲ, ಅವನಿಗೆ ಲೆಕ್ಕಿಗರಿದ್ದಾರೆ. ಸಣ್ಣವರಿಗೆ ಮಾತ್ರ ಭಯ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ನೋಟೀಸುಗಳು ಬಂದಾಗ ರಾಜ್ಯದಲ್ಲಿ ಎಷ್ಟೋ ಅಂಗಡಿಗಳು ‘ನಗದು ಮಾತ್ರ’ ಎಂದು ಹಲಗೆ ಹಾಕಿದ್ದನ್ನು ವಾಚಕರು ಮರೆತಿರಲಾರರು.

ಈ ತರುಣರಿಗೆ ನಾವು ಹೇಳಿದ್ದು ಇಷ್ಟು: ಒಡವೆ ಒತ್ತೆಯಿಡಬೇಡಿ. ಬಿಯರಿನ ಹೆಸರು ಬಿಡಿ. ಊರಲ್ಲಿ ಸಿಗದ, ತೂಕವಿಲ್ಲದ ಮಾಲನ್ನಷ್ಟೇ ಆನ್‌ಲೈನಿಗೆ ಇಡಿ. ಭಾರದ ಮಾಲನ್ನು ಬೇಕರಿಯವರು ನಾಲ್ಕೈದು ಜನ ಕೂಡಿ ಒಂದೇ ಲಾರಿಯಲ್ಲಿ ತರಿಸಿಕೊಳ್ಳುವಂತೆ ಮಾಡಿ, ಆ ವ್ಯವಸ್ಥೆಯ ಕೂಲಿಯನ್ನು ನೀವು ಪಡೆಯಿರಿ. ಅವರಿಗೆ ಇದು ಪೂರ್ತಿ ಒಪ್ಪಿಗೆಯಾದಂತೆ ಕಾಣಲಿಲ್ಲ, ಆದರೆ ಒಂದು ತಿಂಗಳು ತಡೆಯುವುದಾಗಿ ಹೇಳಿ ಹೋಗಿದ್ದಾರೆ. ಭಾಲ್ಕಿ, ಔರಾದ, ನೌಬಾದ ಕಡೆಯ ಬೇಕರಿಯವರು ತಮಗೆ ತಿಂಗಳಿಗೆ ಎಷ್ಟು ಈಸ್ಟು, ಎಷ್ಟು ಚೀಲ ಮೈದಾ ಬೇಕಾಗುತ್ತದೆ, ಈಗ ಯಾವ ದರಕ್ಕೆ ಬೀಳುತ್ತಿದೆ ಎಂಬುದನ್ನು ನಮ್ಮ ಕಚೇರಿಗೆ ಬರೆದು ತಿಳಿಸಿದರೆ ಅವರಿಗೆ ಮುಟ್ಟಿಸುತ್ತೇವೆ.