ನೀರೋ ಗೊತ್ತು, ನಂಜನಗೂಡಿನ ಗುಂಡಿ ಗೊತ್ತಾ?



ಸರ್ಕಾರದ ಮೇಲೆ ಸಿಟ್ಟು ಬಂದಾಗೆಲ್ಲ ನಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ ರೋಮ್ ಹೊತ್ತಿ ಉರಿಯುತ್ತೆ, ನೀರೋ ಪಿಟೀಲು ಬಾರಿಸ್ತಾನೆ. ಅದು ಕ್ರಿ.ಶ. 64ರ ಬೆಂಕಿ. ಆಗ ಪಿಟೀಲೇ ಇರಲಿಲ್ಲ, ಆ ಮಾತು ಇರಲಿ. ನನ್ನ ಪ್ರಶ್ನೆ ಬೇರೆ. ಅಷ್ಟು ದೂರದ ದೊರೆ ಗೊತ್ತಿರುವ ನಂಜನಗೂಡು, ತಿ. ನರಸೀಪುರದ ನಮ್ಮ ಹುಡುಗರಿಗೆ ಮುನ್ನೂರು ವರ್ಷದ ಹಿಂದೆ ಇದೇ ಕಪಿಲೆ ದಡದಲ್ಲಿ ಆದದ್ದು ಯಾಕೆ ಗೊತ್ತಿಲ್ಲ?

1673ರಿಂದ 1704ರವರೆಗೆ ಶ್ರೀರಂಗಪಟ್ಟಣದಲ್ಲಿ ಕೂತು ಆಳಿದವರು ಚಿಕ್ಕದೇವರಾಜ ಒಡೆಯರ್. ಪರೀಕ್ಷೆಗೆ ನಾವೆಲ್ಲ ಬಾಯಿಪಾಠ ಮಾಡಿದ್ದೇನು? ಅಠಾರಾ ಕಚೇರಿ, ಅಂಚೆ, ಮೂರು ಲಕ್ಷಕ್ಕೆ ಬೆಂಗಳೂರು ಕೊಂಡದ್ದು, 'ನವಕೋಟಿ ನಾರಾಯಣ' ಅನ್ನೋ ಬಿರುದು. ಆ ನವಕೋಟಿ ಎಲ್ಲಿಂದ ಬಂತು ಅನ್ನೋ ಪ್ರಶ್ನೆ ಮಾತ್ರ ಯಾವ ಪೇಪರಲ್ಲೂ ಬರಲಿಲ್ಲ.

ಬಂದದ್ದು ಹೊಲದಿಂದ. ಕಂದಾಯದ ಮೇಲೆ ಹೊಸ ಹೊಸ ತೆರಿಗೆ ಬಿತ್ತು. ರೈತರು ಉಳುಮೆ ನಿಲ್ಲಿಸಿ ನೇಗಿಲನ್ನು ತಲೆಕೆಳಗಾಗಿ ಊರಬಾಗಿಲ ಮರಕ್ಕೆ ನೇತುಹಾಕಿದರು. ಅವರ ಬೆನ್ನಿಗೆ ಜಂಗಮರು ನಿಂತರು. ಮುಂದಿನದನ್ನು ಕರ್ನಲ್ ವಿಲ್ಕ್ಸ್ 1810ರಲ್ಲಿ ಅಚ್ಚಾದ ಮೈಸೂರು ಚರಿತ್ರೆಯಲ್ಲಿ ಬರೆದಿದ್ದಾನೆ. ಮಾತುಕತೆಗೆಂದು ಜಂಗಮರನ್ನು ನಂಜನಗೂಡಿನ ದೇವಸ್ಥಾನಕ್ಕೆ ಕರೆಸಿದರು. ಒಬ್ಬೊಬ್ಬರೇ ಬಂದು ದೊರೆಗೆ ನಮಸ್ಕರಿಸಿ, ಉಪಚಾರ ಇರುತ್ತೆ ಅಂದುಕೊಂಡು ಡೇರೆಯ ಪರದೆಯಾಚೆ ಹೋದರು. ಅಲ್ಲಿದ್ದದ್ದು ಕತ್ತಿ ಮತ್ತು ಗುಂಡಿ. 400ಕ್ಕೂ ಹೆಚ್ಚು ತಲೆ ಉರುಳಿದವು, 700ಕ್ಕೂ ಹೆಚ್ಚು ಮಠ ನೆಲಸಮವಾದವು.

'ವಿಲ್ಕ್ಸ್ ಕಂಪನಿಯ ಮನುಷ್ಯ, ಅದೂ ನೂರು ವರ್ಷ ಕಳೆದಮೇಲೆ ಬರೆದದ್ದು' ಅಂತೀರಾ? ನಿಜ. ಒಪ್ಪದ ಇತಿಹಾಸಕಾರರೂ ಇದ್ದಾರೆ. ಲೆಕ್ಕದ ಮೇಲೆ ಜಗಳ ಆಡೋಣ ಬನ್ನಿ. ಆದರೆ ಜಗಳ ಆಡೋದಕ್ಕಾದರೂ ವಿಷಯ ಪಾಠದಲ್ಲಿ ಇರಬೇಕಲ್ಲ ಸ್ವಾಮಿ? ನಾನೊಬ್ಬ ಗುಮಾಸ್ತ. ಕಡತದಲ್ಲಿ ಇಲ್ಲದ್ದು ನಡೆದೇ ಇಲ್ಲ ಅಂತ ಆಗೋದನ್ನ ದಿನಾ ನೋಡ್ತೀನಿ.

'ಸತ್ತವರು ಜಂಗಮರು, ನಮಗೇನು?' ಅಂತ ನಮ್ಮ ಕೇರಿಯವರೇ ಕೇಳ್ತಾರೆ. ಅಣ್ಣಾ, ಕಂದಾಯ ಕಟ್ಟಿದವನ ಹೊಲದಲ್ಲಿ ದುಡಿದವರು ಯಾರು? ಮೇಲಿನವನನ್ನು ಹಿಂಡಿದರೆ ಅವನು ಹಿಂಡೋದು ಆಳನ್ನ. ಸತ್ತ ಜಂಗಮರಿಗೆ ಒಂದು ಸಂಖ್ಯೆಯಾದರೂ ಇದೆ. ನಮ್ಮ ಹೊಲಗೇರಿ, ಮಾದಿಗರ ಕೇರಿಗಳಲ್ಲಿ ಹಸಿದು ಸತ್ತವರನ್ನ ಯಾರು ಎಣಿಸಿದ್ದಾರೆ?

ಇನ್ನು ಕೆಲವರು 'ಒಡೆಯರ ವಂಶವನ್ನೇ ಬೈತಿದ್ದಾನೆ' ಅಂತ ಕಮೆಂಟ್ ಹಾಕ್ತೀರಿ. ಇಲ್ಲ. 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿ ಬ್ರಾಹ್ಮಣೇತರರಿಗೆ ಸರ್ಕಾರಿ ಕೆಲಸದ ಬಾಗಿಲು ತೆರೆಸಿದ ನಾಲ್ವಡಿಯವರಿಗೆ ನಾನು ಕೈಮುಗಿತೀನಿ. ಆದರೆ ಮೊಮ್ಮಕ್ಕಳ ಪುಣ್ಯ ಮುತ್ತಜ್ಜನ ಲೆಕ್ಕಕ್ಕೆ ಜಮಾ ಆಗಲ್ಲ.

ಈಗ ಯಾಕೆ ಇದು? 'ದೇಶಕ್ಕೆ ಒಬ್ಬ ಗಟ್ಟಿ ರಾಜ ಬೇಕು, ಪ್ರಶ್ನೆ ಕೇಳೋರನ್ನ ಒಳಗೆ ಹಾಕಬೇಕು' ಅಂತ ಓದಿದ ಹುಡುಗರೂ, ನಮ್ಮ ಹುಡುಗರೂ ಸ್ಟೇಟಸ್ ಹಾಕ್ತಿದ್ದಾರೆ. 1949ರ ನವೆಂಬರ್ 25ರಂದು ಬಾಬಾಸಾಹೇಬರು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದ್ದು ಇದನ್ನೇ: ರಾಜಕೀಯದಲ್ಲಿ ವ್ಯಕ್ತಿಪೂಜೆ ಕೊನೆಗೆ ಸರ್ವಾಧಿಕಾರಕ್ಕೆ ಮುಟ್ಟಿಸುತ್ತೆ. ಗಟ್ಟಿ ರಾಜನ ಡೇರೆಯ ಆಚೆ ಏನಿರುತ್ತೆ ಅಂತ ಸಾಲಲ್ಲಿ ನಿಂತವನಿಗೆ ಕಾಣಲ್ಲ.

ನನ್ನ ಬೇಡಿಕೆ ಸಣ್ಣದು. ಕಪಿಲೆಯ ದಡದಲ್ಲಿ ಒಂದು ಕಲ್ಲು ನಿಲ್ಲಿಸಿ, ಅದರ ಮೇಲೆ ತಲೆಕೆಳಗಾದ ಒಂದು ನೇಗಿಲು ಕೆತ್ತಿಸಿ. ಯಾವ ಜಾತಿಯ ಹೆಸರೂ ಬೇಡ. ತೆರಿಗೆ ಯಾಕೆ ಅಂತ ಕೇಳಿದವರ ನೆನಪಿಗೆ, ಅಷ್ಟೇ ಸಾಕು.

ಜೈ ಭೀಮ್.