ಮೈಸೂರಿನ ವಾಹನಕ್ಕೆ ಮೈಸೂರಿನ ದಾರಿ ನಿಷಿದ್ಧವೇ?

ಮಾನ್ಯ ಸಂಪಾದಕರೇ,

ವಿಜಯದಶಮಿಯ ಪ್ರಾತಃಕಾಲ ಬೆಂಗಳೂರಿನಿಂದ ಮೈಸೂರಿಗೆ ಹೊರಟ ನಮ್ಮ ಜಾವಾ-ಯೆಜ್ಡಿ ಮೋಟಾರುಸೈಕಲ್ ಬಳಗದವರಿಗೆ ದಾರಿಯಲ್ಲಿ ದಂಡ ವಿಧಿಸಲಾಯಿತೆಂಬ ಸುದ್ದಿಯನ್ನು, ನಮ್ಮನ್ನು ಶೋಕಿ ಸವಾರರೆಂದು ಕರೆದು, ತಮ್ಮ ಪತ್ರಿಕೆ ನಾಲ್ಕು ಸಾಲುಗಳಲ್ಲಿ ಪ್ರಕಟಿಸಿದೆ. ಆ ದಂಡವನ್ನು ತೆತ್ತವರಲ್ಲಿ ನಾನೂ ಒಬ್ಬನಾಗಿರುವುದರಿಂದ, ಅಲ್ಲಿ ನಡೆದುದು ಏನೆಂಬುದನ್ನು ಓದುಗರ ಮುಂದೆ ನಿವೇದಿಸದೆ ನನಗೆ ಗತ್ಯಂತರವಿಲ್ಲ.

ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯಪಥದಲ್ಲಿ ದ್ವಿಚಕ್ರ ವಾಹನಗಳಿಗೆ 2023ರ ಆಗಸ್ಟ್ 1ರಿಂದ ಪ್ರವೇಶವಿಲ್ಲವೆಂಬುದು ನಮಗೆ ತಿಳಿಯದ ಸಂಗತಿಯೇನೂ ಅಲ್ಲ. ಸರ್ವಿಸ್ ರಸ್ತೆಯನ್ನು ಬಿಟ್ಟು ಯಾರೂ ಕದಲತಕ್ಕದ್ದಲ್ಲವೆಂದು ಹೊರಡುವ ಮೊದಲೇ ನಿಶ್ಚಯಿಸಿಕೊಂಡು, ಕುಂಬಳಗೋಡಿನಿಂದ ಆಚೆಗೆ ಹಾಗೆಯೇ ಸಾಗಿ ಬಂದೆವು. ಆದರೆ ಮಂಡ್ಯ ಜಿಲ್ಲೆಯನ್ನು ಹೊಕ್ಕ ಸ್ವಲ್ಪ ಹೊತ್ತಿಗೆ ಆ ಸರ್ವಿಸ್ ರಸ್ತೆ, ಯಾವೊಂದು ಫಲಕವೂ ಇಲ್ಲದೆ, ಮಣ್ಣಿನ ರಾಶಿಯೊಂದರ ಮುಂದೆ ಥಟ್ಟನೆ ಮುಗಿದುಹೋಯಿತು. ಹಿಂದಕ್ಕೆ ತಿರುಗೋಣವೆಂದರೆ ಕಬ್ಬು ತುಂಬಿದ ಟ್ರ್ಯಾಕ್ಟರು ದಾರಿಯುದ್ದಕ್ಕೂ ಅಡ್ಡಲಾಗಿತ್ತು. ಬೇಲಿಯ ತೆರಪಿನಿಂದ ಮುಖ್ಯಪಥಕ್ಕೆ ಏರಿ, ಎಡಗಡೆಯ ಅಂಚನ್ನು ಬಿಡದೆ, ಮುಂದಿನ ಇಳಿದಾರಿಯವರೆಗೆ ಸಾಗಿದ್ದೇ ನಮ್ಮ ಅಪರಾಧ. ಇಳಿದಾರಿಯಲ್ಲಿ ಗಸ್ತಿನವರು ಕಾದು ನಿಂತಿದ್ದರು. ಪ್ರತಿಯೊಬ್ಬರಿಗೂ 500 ರೂಪಾಯಿ ದಂಡ. ದಂಡವನ್ನು ನಾವು ಮರುಮಾತಿಲ್ಲದೆ ಕಟ್ಟಿದೆವು. ನನ್ನ ದುಃಖ ಆ ಹಣದ್ದಲ್ಲ. ಹಿಂದಿನ ದಿನವಷ್ಟೇ ಆಯುಧಪೂಜೆ ಮಾಡಿ, ಟ್ಯಾಂಕಿಗೆ ವಿಭೂತಿ ಎಳೆದು ಕುಂಕುಮವಿಟ್ಟು, ಹ್ಯಾಂಡಲಿಗೆ ಚೆಂಡುಹೂವಿನ ಹಾರ ಕಟ್ಟಿದ್ದ ಗಾಡಿಗಳ ಕೀಲಿಗಳನ್ನು ಕಿತ್ತುಕೊಂಡು, ಎಪ್ಪತ್ತು ದಾಟಿದ ನಮ್ಮ ಹಿರಿಯ ಸಂಗಾತಿಯೊಬ್ಬರನ್ನು ಏಕವಚನದಲ್ಲಿ ಕರೆದು, ಈ ವಯಸ್ಸಿನಲ್ಲಿ ನಿನಗೆ ಇದೆಲ್ಲ ಬೇಕಿತ್ತೇನಯ್ಯಾ ಎಂದು ಗದರಿಸಿ, ರಸೀದಿ ಬರೆಯುವಷ್ಟು ಕಾಲವೂ ಬಿಸಿಲಿನಲ್ಲಿ ನಿಲ್ಲಿಸಿದರಲ್ಲ, ಅದು ನನ್ನ ದುಃಖ. ಹಿಂದೆ ಆ ರಸ್ತೆಯ ಇಕ್ಕೆಲಗಳಲ್ಲಿ ಇದ್ದ ಸಾಲುಮರಗಳನ್ನು ಅಗಲೀಕರಣಕ್ಕಾಗಿ ಕಡಿದಿರುವುದರಿಂದ, ಆ ವೃದ್ಧರಿಗೆ ನಿಲ್ಲಲು ಒಂದಂಗುಲ ನೆರಳೂ ಇರಲಿಲ್ಲ.

ಆ ಹಿರಿಯರು ಯಾರೆಂಬುದು ಗಸ್ತಿನವರಿಗೆ ತಿಳಿದಿರಲಾರದು. ತಮಗಾದರೂ ತಿಳಿದಿರಲೆಂದು ಬರೆಯುತ್ತೇನೆ. 1961ರಲ್ಲಿ, ರಾಜ್ಯಪಾಲರಾಗಿದ್ದ ಶ್ರೀ ಜಯಚಾಮರಾಜ ಒಡೆಯರ ಹಸ್ತದಿಂದ ಉದ್ಘಾಟನೆಗೊಂಡು, ಮೈಸೂರಿನ ಯಾದವಗಿರಿಯಲ್ಲಿ ಸಹಸ್ರಾರು ಸಂಸಾರಗಳಿಗೆ ಅನ್ನವಿತ್ತು, 1996ರಲ್ಲಿ ಬಾಗಿಲು ಮುಚ್ಚಿದ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಯೌವನವನ್ನೆಲ್ಲ ಸವೆಸಿದವರು ಅವರು. ಒಂದೇ ಸನ್ನೆಕೋಲಿನಿಂದ ಕಿಕ್ಕನ್ನೂ ಗೇರನ್ನೂ ನಡೆಸುವ ಆ 250 ಸಿಸಿ ಯಂತ್ರದ ನಾಡಿಯನ್ನು ಕಿವಿಯಿಂದಲೇ ಬಲ್ಲವರು. ತಮ್ಮ ಕೈಯಿಂದ ಜೋಡಣೆಯಾಗಿ ದೇಶದ ಮೂಲೆಮೂಲೆಗೂ ಹೋದ ವಾಹನವನ್ನೇ ಏರಿ, ತಾವು ಬೆವರು ಸುರಿಸಿದ ಊರಿನ ಜಂಬೂಸವಾರಿಯನ್ನು ನೋಡಲೆಂದು ಹೊರಟವರನ್ನು, ಆ ಊರಿನ ಹೆಬ್ಬಾಗಿಲಿಗೆ ಇನ್ನೂ ಎಷ್ಟೋ ದೂರವಿರುವಾಗಲೇ ತಡೆದು ಅವಮಾನಿಸಲಾಯಿತು. ಮೈಸೂರಿನಲ್ಲಿ ಜನಿಸಿದ ನನಗೆ ಇದನ್ನು ಸಹಿಸಿಕೊಳ್ಳುವುದು ಸಾಧ್ಯವಿಲ್ಲ.

118 ಕಿಲೋಮೀಟರುಗಳ ಈ ಹೆದ್ದಾರಿಯನ್ನು 2023ರ ಮಾರ್ಚ್ 12ರಂದು ಮಂಡ್ಯದಲ್ಲಿ ಪ್ರಧಾನಮಂತ್ರಿಗಳು ನಾಡಿಗೆ ಸಮರ್ಪಿಸಿದಾಗ, ಅದು ಸಮಸ್ತ ಜನತೆಯ ರಸ್ತೆಯೆಂದು ನಾವೆಲ್ಲ ಹಿಗ್ಗಿದ್ದೆವು. ಐದು ತಿಂಗಳು ತುಂಬುವ ಮೊದಲೇ, ಅಪಘಾತಗಳ ಕಾರಣವನ್ನು ಮುಂದಿಟ್ಟು, ನಾಡಿನ ವಾಹನಗಳಲ್ಲಿ ಬಹುಪಾಲಾಗಿರುವ ದ್ವಿಚಕ್ರಗಳನ್ನೂ, ಅವುಗಳ ಜೊತೆಗೆ ಆಟೋಗಳನ್ನೂ ಟ್ರ್ಯಾಕ್ಟರುಗಳನ್ನೂ ಹೊರಕ್ಕೆ ಅಟ್ಟಲಾಯಿತು. ವೇಗದ ಮದದಿಂದ ಬರುವ ಕಾರುಗಳಿಗೆ ಅಂಕುಶ ಹಾಕುವ ಬದಲು ದುರ್ಬಲನನ್ನೇ ಓಡಿಸುವುದು ಯಾವ ನ್ಯಾಯ? ಹಾಗೆ ಓಡಿಸಿದವರು ಓಡಿಸಲ್ಪಟ್ಟವರಿಗೆ ಅಖಂಡವಾದ ಒಂದು ಪರ್ಯಾಯ ದಾರಿಯನ್ನಾದರೂ ಮೊದಲು ಸಿದ್ಧಪಡಿಸಿರಬೇಕಾಗಿತ್ತು. ರೇಷ್ಮೆಗೂಡಿನ ಚೀಲವನ್ನು ಕಟ್ಟಿಕೊಂಡು ರಾಮನಗರದ ಮಾರುಕಟ್ಟೆಗೆ ಧಾವಿಸುವ ರೈತನೂ, ಹಾಲಿನ ಕ್ಯಾನುಗಳನ್ನು ತೂಗುಹಾಕಿಕೊಂಡು ಡೇರಿಗೆ ಹೋಗುವ ಹುಡುಗನೂ ವರ್ಷವಿಡೀ ಇದೇ ಸರ್ವಿಸ್ ರಸ್ತೆಯ ಗುಂಡಿಗಳಲ್ಲಿ, ಎದುರಿನಿಂದ ನುಗ್ಗಿ ಬರುವ ಲಾರಿಗಳ ನಡುವೆ, ಪ್ರಾಣವನ್ನು ಕೈಯಲ್ಲಿ ಹಿಡಿದು ಸಾಗುತ್ತಾರೆ. ನಾವು ಹಬ್ಬಕ್ಕೊಮ್ಮೆ ಬರುವವರು. ಅವರ ಕಷ್ಟಕ್ಕೆ ರಜೆಯೆಂಬುದಿಲ್ಲ. ದಾರಿಯನ್ನು ಅರ್ಧದಲ್ಲಿ ಕಡಿದು, ಮುಂದಿನ ಇಳಿದಾರಿಯಲ್ಲಿಯೇ ಕಾದು ನಿಂತು ದಂಡ ವಸೂಲು ಮಾಡುವುದನ್ನು ಸಂಚಾರ ನಿಯಂತ್ರಣವೆಂದು ನಾನು ಎಂದಿಗೂ ಒಪ್ಪಲಾರೆ.

ಇನ್ನು ತಮ್ಮ ಪತ್ರಿಕೆಯ ವಿಷಯ. ಸೈಲೆನ್ಸರನ್ನು ಕಿತ್ತು ನಡುರಾತ್ರಿ ಬೀದಿಯನ್ನೆಲ್ಲ ಬೆಚ್ಚಿಬೀಳಿಸುವವರನ್ನೂ, ಮುಂದಿನ ಗಾಲಿಯನ್ನೆತ್ತಿ ವ್ಹೀಲಿ ಮಾಡಿ ದಾರಿಹೋಕರ ಜೀವಕ್ಕೆ ಎರವಾಗುವವರನ್ನೂ ನಮ್ಮ ಬಳಗದೊಡನೆ ಒಂದೇ ತಕ್ಕಡಿಯಲ್ಲಿ ತೂಗಲು ತಮ್ಮ ವರದಿಗಾರರಿಗೆ ಹೇಗೆ ಮನಸ್ಸು ಬಂದಿತು? ಹೆಲ್ಮೆಟ್ಟಿಲ್ಲದೆ ನಮ್ಮಲ್ಲಿ ಒಬ್ಬನೂ ಬೀದಿಗೆ ಇಳಿಯುವುದಿಲ್ಲ. ಸಾಲನ್ನು ಮುರಿದು ಒಬ್ಬರನ್ನೊಬ್ಬರು ಹಿಂದೆ ಹಾಕುವ ಪದ್ಧತಿ ನಮ್ಮಲ್ಲಿಲ್ಲ. ಎಲ್ಲರಿಗಿಂತ ನಿಧಾನವಾದ ಗಾಡಿ ಎಷ್ಟು ವೇಗವಾಗಿ ಹೋಗಬಲ್ಲುದೋ ಅಷ್ಟೇ ವೇಗ ಎಲ್ಲರದೂ. ವರದಿಗಾರರು ನಮ್ಮಲ್ಲಿ ಒಬ್ಬರನ್ನಾದರೂ ಮಾತನಾಡಿಸಿದ್ದರೆ ಇದೆಲ್ಲ ತಿಳಿಯುತ್ತಿತ್ತು. ಮಾತನಾಡಿಸಲಿಲ್ಲ. ವಿಜಯದಶಮಿಯ ರಾತ್ರಿ ಬನ್ನಿಮಂಟಪದ ಪಂಜಿನ ಕವಾಯತಿನಲ್ಲಿ ಮೋಟಾರುಸೈಕಲ್ ಸವಾರರ ಸಾಹಸವನ್ನು ಕಂಡು ಕರತಾಡನ ಮಾಡುವ ನಾಡು ನಮ್ಮದು. ಆ ಸಾಹಸದ ಚಿತ್ರಗಳನ್ನು ತಮ್ಮ ಪತ್ರಿಕೆಯೂ ಮುಖಪುಟದಲ್ಲಿ ಮುದ್ರಿಸಿದ್ದುಂಟು. ಅಂತಹ ನಾಡಿನಲ್ಲಿ ಮೋಟಾರುಸೈಕಲ್ಲಿನ ಮೇಲೆ ಬಂದವನೆಂಬ ಒಂದೇ ಕಾರಣದಿಂದ ಗೌರವಸ್ಥನೊಬ್ಬನು ಪುಂಡನೆನಿಸಿಕೊಳ್ಳಬೇಕೇ?

ಆ ದಿನ ನಾವು ಮೈಸೂರನ್ನು ಮುಟ್ಟುವ ಹೊತ್ತಿಗೆ ಅಂಬಾರಿ ಅರಮನೆಯ ಆವರಣವನ್ನು ದಾಟಿ ಹೊರಟುಹೋಗಿತ್ತು. ಜನಸಂದಣಿಯ ಹಿಂದೆ ನಿಂತು ಇಣುಕಲೂ ನಮ್ಮ ಹಿರಿಯರಿಗೆ ಶಕ್ತಿ ಉಳಿದಿರಲಿಲ್ಲ.

ಸಂಬಂಧಪಟ್ಟವರಲ್ಲಿ ನನ್ನ ಪ್ರಾರ್ಥನೆ ಇಷ್ಟೆ: ಮುಂದಿನ ದಸರೆಗೆ ಮೊದಲು ಈ ಸರ್ವಿಸ್ ರಸ್ತೆ ಬೆಂಗಳೂರಿನಿಂದ ಮೈಸೂರಿನವರೆಗೆ ಎಲ್ಲಿಯೂ ತುಂಡಾಗದೆ ಕೂಡಬೇಕು; ಕೂಡುವ ತನಕ, ಅದು ಕಡಿದುಹೋಗುವ ಪ್ರತಿಯೊಂದು ಸ್ಥಳದಲ್ಲಿಯೂ ಕನ್ನಡದಲ್ಲಿ ಬರೆದ ಫಲಕವನ್ನು ನೆಟ್ಟು, ಮುಖ್ಯಪಥದ ಎಡ ಅಂಚನ್ನು ದ್ವಿಚಕ್ರಗಳಿಗೆ ಬಿಟ್ಟುಕೊಡಬೇಕು. ತಾವು ಕೂಡ ತಮ್ಮ ವರದಿಗಾರರನ್ನು ಒಂದು ದಿನ ಸ್ಕೂಟರಿನ ಮೇಲೆ ಆ ದಾರಿಯಲ್ಲಿ ಕಳುಹಿಸಿ, ಅವರು ಕಂಡುದನ್ನು ಕಂಡಂತೆಯೇ ಪ್ರಕಟಿಸಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಹಳೆಯ ಓದುಗ, ಬೆಂಗಳೂರು